ಸಂಪಾದಕರ ಉತ್ತರ: ಸಿದ್ಧಾಂತಕ್ಕಾಗಿ ಕೊಂದವರಿಗೂ ಗಲ್ಲು ಬೇಡವೇ?

ಗಲ್ಲುಶಿಕ್ಷೆ ಬೇಡ ಎಂಬ ನಮ್ಮ ನಿಲುವನ್ನು ಪ್ರಶ್ನಿಸಿ ಪುತ್ತೂರಿನ ಓದುಗರೊಬ್ಬರು, ಹೆಸರು ಹಾಕಬೇಡಿ ಎಂಬ ಷರತ್ತಿನ ಮೇಲೆ, ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅದರ ತಿರುಳು ಇಷ್ಟು: "ಸಿಟ್ಟಿನಲ್ಲಿ ಕೈ ಮೀರಿ ಕೊಂದವನಿಗೆ ಗಲ್ಲು ಬೇಡ ಎಂದರೆ ಒಪ್ಪುತ್ತೇನೆ. ಆದರೆ ವಿಚಾರ ಹಿಡಿಸಲಿಲ್ಲ ಎಂಬ ಒಂದೇ ಕಾರಣಕ್ಕೆ, ಮುಖ ಪರಿಚಯವೂ ಇಲ್ಲದವರನ್ನು ಹೊಂಚುಹಾಕಿ ಕೊಲ್ಲುವವರಿಗೆ? ಧಾರವಾಡದ ಕಲಬುರ್ಗಿ, ಬೆಂಗಳೂರಿನ ಗೌರಿ, ನಮ್ಮ ಬೆಳ್ಳಾರೆಯ ಪ್ರವೀಣ್ ನೆಟ್ಟಾರು, ಯಾರು ಯಾವ ಕಡೆಯವರು ಎಂದು ನಾನು ನೋಡುವವನಲ್ಲ. ಕೇರಳದಲ್ಲಿ ಒಂದೇ ಕೊಲೆಗೆ 15 ಮಂದಿಗೆ ಗಲ್ಲು ಕೊಟ್ಟರಲ್ಲ, ಅದು ನ್ಯಾಯ. ಕಾನೂನು ಆಯೋಗವೂ ಭಯೋತ್ಪಾದಕರಿಗೆ ಗಲ್ಲು ಇರಲಿ ಎಂದಿದೆ. ಜೀವಾವಧಿ ಎಂದರೆ ಹದಿನಾಲ್ಕು ವರ್ಷ ತಾನೇ? ನಿಮ್ಮ ಮನೆಯವರನ್ನೇ ಕೊಂದಿದ್ದರೆ ಹೀಗೇ ಬರೆಯುತ್ತಿದ್ದಿರಾ?"

ಪತ್ರದಲ್ಲಿ ಎರಡೂ ಕಡೆಯ ಹೆಣಗಳನ್ನು ಒಂದೇ ಸಾಲಿನಲ್ಲಿಟ್ಟಿದ್ದೀರಿ. ಈಗಿನ ಕಾಲದಲ್ಲಿ ಅಷ್ಟು ಮಾಡುವವರೇ ಕಡಿಮೆ, ಹಾಗಾಗಿ ಉತ್ತರವೂ ಸ್ವಲ್ಪ ಉದ್ದವಾಗಲಿ. ನೀವು ಹೆಸರಿಸಿದ ಕರ್ನಾಟಕದ ಮೂರು ಪ್ರಕರಣಗಳ ಆರೋಪಿಗಳು ತಪ್ಪಿತಸ್ಥರು ಹೌದೋ ಅಲ್ಲವೋ ಎಂಬುದು ಕೋರ್ಟಿಗೆ ಬಿಟ್ಟದ್ದು, ಆ ಮಾತು ಇಲ್ಲಿ ಬೇಡ.

ಮೊದಲು ಕಾನೂನು ಆಯೋಗ. ನ್ಯಾಯಮೂರ್ತಿ ಎ.ಪಿ. ಶಾ ಅವರ ಅಧ್ಯಕ್ಷತೆಯ ಆಯೋಗ 2015ರ ಆಗಸ್ಟ್‌ನಲ್ಲಿ ಕೊಟ್ಟ 262ನೇ ವರದಿ ಗಲ್ಲುಶಿಕ್ಷೆಯನ್ನು ತೆಗೆಯಿರಿ ಎಂದಿತು. ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧ ಸಾರಿದ ಅಪರಾಧಗಳನ್ನು ಮಾತ್ರ ಹೊರಗಿಟ್ಟಿತು. ಹೀಗೆ ಹೊರಗಿಟ್ಟದ್ದಕ್ಕೆ ದಂಡಶಾಸ್ತ್ರದ ಸಮರ್ಥನೆ ಏನೂ ಇಲ್ಲವೆಂದು ಅದೇ ವರದಿ ಒಪ್ಪಿಕೊಂಡಿದೆ, ರಾಷ್ಟ್ರೀಯ ಭದ್ರತೆಯ ಬಗ್ಗೆ ಇರುವ ಆತಂಕಕ್ಕೆ ಮಣಿದಿದೆ ಅಷ್ಟೆ. ನಮ್ಮ ಪ್ರಕಾರ ಈ ವಿನಾಯಿತಿ ತಲೆಕೆಳಗಾಗಿದೆ. ಗಲ್ಲು ಎಲ್ಲಾದರೂ ಒಂದು ಕಡೆ ಇರಲೇಬೇಕೆಂದು ಹಟ ಹಿಡಿದರೂ, ಸಿದ್ಧಾಂತದ ಕೊಲೆಗಳಿಂದ ಅದನ್ನು ಎಲ್ಲಕ್ಕಿಂತ ಮೊದಲು ತೆಗೆಯಬೇಕು. ಕಾರಣ ಭಾವನೆಯದ್ದಲ್ಲ, ಸಾಕ್ಷ್ಯದ್ದು.

ಮಾಮೂಲಿ ಕೊಲೆ ಕೇಸಿನಲ್ಲಿ ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆಗೆ ಕೋರ್ಟಿನಲ್ಲಿ ಕಿಮ್ಮತ್ತಿಲ್ಲ. ಬ್ರಿಟಿಷರೇ ಠಾಣೆಯನ್ನು ಅಷ್ಟು ನಂಬಲಿಲ್ಲ. ಸಂಚಿನ ಕೊಲೆಗಳಿಗೆ ಬಳಸಿದ ವಿಶೇಷ ಕಾಯ್ದೆಗಳಲ್ಲಿ ಈ ಬೇಲಿ ಕಿತ್ತುಹೋಗಿದೆ. ಈಗ ಜಾರಿಯಲ್ಲಿಲ್ಲದ ಭಯೋತ್ಪಾದನೆ ತಡೆ ಕಾಯ್ದೆಗಳಾದ ಟಾಡಾ, ಪೋಟಾ, ಸಂಘಟಿತ ಅಪರಾಧ ತಡೆಗೆಂದು ಬಂದ ಮಹಾರಾಷ್ಟ್ರದ ಮೋಕಾ, ಅದರ ಅಚ್ಚಿನಲ್ಲೇ ಬಂದ ನಮ್ಮ 2000ದ ಕೋಕಾ, ನಾಲ್ಕರಲ್ಲೂ ಎಸ್‌ಪಿ ದರ್ಜೆಯ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆ ಸಾಕ್ಷ್ಯವಾಗುತ್ತದೆ. ಸಾವು ಸಂಭವಿಸಿದ್ದರೆ ಗಲ್ಲಿಗೂ ಅವಕಾಶವಿದೆ. ಅಂದರೆ ಸಾಕ್ಷ್ಯದ ಜರಡಿ ಎಲ್ಲಿ ಅತಿ ಸಡಿಲವೋ ಅಲ್ಲೇ ತಿದ್ದಲಾಗದ ಶಿಕ್ಷೆ.

ಇದರಿಂದ ಏನಾಗುತ್ತದೆ ಎಂಬುದಕ್ಕೆ ಊಹೆ ಬೇಕಿಲ್ಲ. ರಾಜೀವ್ ಗಾಂಧಿ ಹತ್ಯೆಯ ಪ್ರಕರಣದಲ್ಲಿ ಪೇರರಿವಾಳನ್ ಮೇಲಿದ್ದ ಮುಖ್ಯ ಆರೋಪ ಎರಡು 9 ವೋಲ್ಟ್ ಬ್ಯಾಟರಿ ತಂದುಕೊಟ್ಟದ್ದು. ಬಂಧನವಾದಾಗ ವಯಸ್ಸು 19. ಟಾಡಾ ಕೋರ್ಟು 1998ರ ಜನವರಿಯಲ್ಲಿ 26 ಆರೋಪಿಗಳಿಗೂ ಗಲ್ಲು ವಿಧಿಸಿತು. ಮರುವರ್ಷ ಸುಪ್ರೀಂ ಕೋರ್ಟು ಅವರಲ್ಲಿ 19 ಮಂದಿಯನ್ನು ಕೊಲೆಯ ಆರೋಪದಿಂದ ಬಿಡಿಸಿ, ನಾಲ್ವರ ಗಲ್ಲನ್ನು ಎತ್ತಿಹಿಡಿಯಿತು. ಇದು ಟಾಡಾ ವ್ಯಾಪ್ತಿಯ ಅಪರಾಧವೇ ಅಲ್ಲ ಎಂದು ಹೇಳಿದ ಕೋರ್ಟು, ಟಾಡಾ ಅಡಿ ಬರೆದುಕೊಂಡ ತಪ್ಪೊಪ್ಪಿಗೆಗಳನ್ನು ಮಾತ್ರ ಕೈಬಿಡಲಿಲ್ಲ. ಆ ತಪ್ಪೊಪ್ಪಿಗೆ ಬರೆದುಕೊಂಡ ಸಿಬಿಐ ಅಧಿಕಾರಿ ವಿ. ತ್ಯಾಗರಾಜನ್ ನಿವೃತ್ತರಾದ ಮೇಲೆ, 2013ರಲ್ಲಿ ಬಾಯಿಬಿಟ್ಟರು. ಬ್ಯಾಟರಿ ಯಾತಕ್ಕೆಂದು ತನಗೆ ಗೊತ್ತಿರಲಿಲ್ಲ ಎಂದು ಪೇರರಿವಾಳನ್ ಹೇಳಿದ್ದ ಮಾತನ್ನು ತಾವು ಬರೆದುಕೊಳ್ಳಲಿಲ್ಲ ಎಂದರು. ಬಿಟ್ಟುಹೋದದ್ದು ಒಂದೇ ಒಂದು ವಾಕ್ಯ. ಕ್ಷಮಾದಾನ ಅರ್ಜಿ ರಾಷ್ಟ್ರಪತಿ ಭವನದಲ್ಲಿ 11 ವರ್ಷ ಕೊಳೆಯದೇ ಹೋಗಿದ್ದರೆ ಆ ಅಧಿಕಾರಿಯ ಪಶ್ಚಾತ್ತಾಪಕ್ಕೆ ಕೇಳುಗರೇ ಇರುತ್ತಿರಲಿಲ್ಲ. 2014ರಲ್ಲಿ ಗಲ್ಲು ರದ್ದಾಯಿತು, 2022ರ ಮೇ 18ರಂದು ಬಿಡುಗಡೆಯಾಯಿತು.

ಅಕ್ಷರಧಾಮದ್ದು ಇನ್ನೂ ವಿಚಿತ್ರ. 2002ರ ಸೆಪ್ಟೆಂಬರ್‌ನಲ್ಲಿ ಗಾಂಧಿನಗರದ ಆ ದೇವಾಲಯದಲ್ಲಿ 30ಕ್ಕೂ ಹೆಚ್ಚು ಜನ ಸತ್ತರು, ಒಳನುಗ್ಗಿದ್ದ ಇಬ್ಬರನ್ನೂ ಕಮಾಂಡೊಗಳು ಹೊಡೆದುರುಳಿಸಿದರು. ಸಂಚಿನಲ್ಲಿ ಇದ್ದವರೆಂದು ಹಿಡಿದ ಆರು ಜನರಲ್ಲಿ ಮೂವರಿಗೆ ಗಲ್ಲಾಯಿತು, ಗುಜರಾತ್ ಹೈಕೋರ್ಟು ಅದನ್ನು ಕಾಯಂ ಮಾಡಿತು. ದೊಡ್ಡ ಸಾಕ್ಷ್ಯ ಎಂದು ತೋರಿಸಿದ್ದು ಸತ್ತವರ ಪ್ಯಾಂಟಿನ ಜೇಬಿನಲ್ಲಿ ಸಿಕ್ಕ ಎರಡು ಉರ್ದು ಪತ್ರಗಳನ್ನು. ಮೈ ಗುಂಡಿನಿಂದ ಜರಡಿಯಾಗಿದೆ, ಬಟ್ಟೆ ರಕ್ತದಲ್ಲಿ ನೆನೆದಿದೆ. ಜೇಬಿನ ಕಾಗದದಲ್ಲಿ ಮಾತ್ರ ತೂತಿಲ್ಲ, ಕಲೆಯಿಲ್ಲ. ಇದನ್ನು ಕಣ್ಣುಬಿಟ್ಟು ನೋಡಿದ್ದು ಸುಪ್ರೀಂ ಕೋರ್ಟಿನಲ್ಲಿ ಎ.ಕೆ. ಪಟ್ನಾಯಕ್ ಮತ್ತು ನಮ್ಮ ರಾಜ್ಯದವರೇ ಆದ ವಿ. ಗೋಪಾಲಗೌಡರ ಪೀಠ. ಆರೂ ಜನ ನಿರ್ದೋಷಿಗಳೆಂಬ ತೀರ್ಪು ಬಂದದ್ದು 2014ರ ಮೇ 16ರಂದು. ಅದು ಲೋಕಸಭೆ ಚುನಾವಣೆಯ ಫಲಿತಾಂಶದ ದಿನ, ಸುದ್ದಿ ಒಳಪುಟಕ್ಕೆ ಹೋಯಿತು.

ಮುಂಬೈ ಲೋಕಲ್ ರೈಲುಗಳಲ್ಲಿ 2006ರಲ್ಲಿ 189 ಜನರನ್ನು ಕೊಂದ ಸ್ಫೋಟಗಳ ಕೇಸಿನಲ್ಲೂ ಮೋಕಾ ತಪ್ಪೊಪ್ಪಿಗೆಗಳೇ ಬೆನ್ನೆಲುಬು. ಐವರಿಗೆ ಗಲ್ಲು, ಏಳು ಮಂದಿಗೆ ಜೀವಾವಧಿ. 2025ರ ಜುಲೈ 21ರಂದು ಬಾಂಬೆ ಹೈಕೋರ್ಟು ಹನ್ನೆರಡೂ ಜನರನ್ನು ಖುಲಾಸೆ ಮಾಡಿತು. ಸರ್ಕಾರ ಮೇಲ್ಮನವಿ ಹೋಗಿದೆ, ಈ ತೀರ್ಪನ್ನು ಬೇರೆ ಕೇಸುಗಳಿಗೆ ಪೂರ್ವನಿದರ್ಶನ ಮಾಡಬೇಡಿ ಎಂದು ಸುಪ್ರೀಂ ಕೋರ್ಟು ಹೇಳಿದೆ. ಹೊರಗೆ ಬಂದವರನ್ನು ಮತ್ತೆ ಒಳಗೆ ಹಾಕಿ ಎಂದಿಲ್ಲ. ಸಂಸತ್ ದಾಳಿಯ ಕೇಸಿನಲ್ಲಿ ಗಲ್ಲು ಪಡೆದ ಮೂವರಲ್ಲಿ ಒಬ್ಬರಾದ ಕಾಲೇಜು ಮೇಷ್ಟ್ರು ಎಸ್.ಎ.ಆರ್. ಗಿಲಾನಿಯವರನ್ನು ದೆಹಲಿ ಹೈಕೋರ್ಟೇ ಬಿಟ್ಟಿತು. ಇಂದಿರಾ ಹತ್ಯೆಯಲ್ಲಿ ಎರಡು ಕೋರ್ಟುಗಳು ಗಲ್ಲು ಕೊಟ್ಟಿದ್ದ ಬಲ್ಬೀರ್ ಸಿಂಗ್ ಸುಪ್ರೀಂ ಕೋರ್ಟಿನಲ್ಲಿ ನಿರ್ದೋಷಿಯಾದರು. ದೇಶವೇ ಕೆರಳಿ ಕೂತಾಗ ತನಿಖೆಗೆ ಯಾರಾದರೂ ಸಿಗಲೇಬೇಕು, ಸಿಕ್ಕಿಬಿದ್ದವನೇ ಕಳ್ಳ. ಇವೆಲ್ಲ ನಮ್ಮ ಕಾಲದ ಅತಿ ದೊಡ್ಡ, ಅತಿ ಹೆಚ್ಚು ಸಂಪನ್ಮೂಲ ಸುರಿದ ತನಿಖೆಗಳು ಎಂಬುದನ್ನು ನೆನಪಿಡಿ.

ಕೇರಳದ ಪ್ರಕರಣವನ್ನು ನೀವು ಮಾದರಿ ಎಂದಿರಿ. ಆಲಪ್ಪುಳದ ಬಿಜೆಪಿ ಮುಖಂಡ ರಂಜಿತ್ ಶ್ರೀನಿವಾಸನ್ ಅವರನ್ನು 2021ರ ಡಿಸೆಂಬರ್ 19ರ ಬೆಳಿಗ್ಗೆ ಮನೆಯವರ ಕಣ್ಣೆದುರೇ ಕಡಿದು ಹಾಕಿದರು. ಹಿಂದಿನ ರಾತ್ರಿ ಎಸ್‌ಡಿಪಿಐನ ಕೆ.ಎಸ್. ಶಾನ್ ಕೊಲೆಯಾಗಿತ್ತು. ಮಾವೇಲಿಕ್ಕರದ ಕೋರ್ಟು 2024ರ ಆರಂಭದಲ್ಲಿ ರಂಜಿತ್ ಕೊಲೆಗಾಗಿ ಹದಿನೈದು ಜನರಿಗೆ ಗಲ್ಲು ವಿಧಿಸಿತು. ಒಳನುಗ್ಗಿ ಕಡಿದವರು, ಹೊರಗೆ ಆಯುಧ ಹಿಡಿದು ನಿಂತವರು, ಸಂಚು ಹೂಡಿದವರು, ಎಲ್ಲರೂ ಒಂದೇ ತಕ್ಕಡಿಯಲ್ಲಿ. ಸೆಷನ್ಸ್ ಕೋರ್ಟಿನ ಗಲ್ಲು ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಖಾಯಂ ಮಾಡುವ ತನಕ ಜಾರಿಗೆ ಬರುವುದಿಲ್ಲ. ಸುಪ್ರೀಂ ಕೋರ್ಟಿನ 1980ರ ಬಚ್ಚನ್ ಸಿಂಗ್ ತೀರ್ಪು ಕೇಳುವುದು ಒಬ್ಬೊಬ್ಬನ ಲೆಕ್ಕವನ್ನು: ಇವನ ವಯಸ್ಸೇನು, ಪಾತ್ರವೇನು, ಸುಧಾರಿಸುವ ದಾರಿ ಪೂರ್ತಿ ಮುಚ್ಚಿದೆಯೇ. 2022ರ ಮನೋಜ್ ತೀರ್ಪಿನ ಮೇಲೆ ಜೈಲಿನ ನಡತೆಯ ವರದಿ, ಪ್ರೊಬೇಷನ್ ಅಧಿಕಾರಿಯ ವರದಿ, ಮನೋವೈದ್ಯರ ಪರೀಕ್ಷೆ, ಮೂರೂ ಬೇಕು. ಹದಿನೈದು ಬೇರೆ ಬೇರೆ ಬದುಕುಗಳನ್ನು ಹೀಗೆ ತೂಗಿದ ಮೇಲೂ ಮುಳ್ಳು ಒಂದೇ ಕಡೆ ನಿಂತರೆ ತಕ್ಕಡಿಯನ್ನೇ ಅನುಮಾನಿಸಬೇಕಾಗುತ್ತದೆ. ಅಂದಹಾಗೆ ನೀವು ಬಯಸುವ ಕಾನೂನು ಆಗಲೇ ಬಂದಿದೆ. ಭಾರತೀಯ ನ್ಯಾಯ ಸಂಹಿತೆಯ 103(2)ರಲ್ಲಿ ಐದು ಅಥವಾ ಹೆಚ್ಚು ಜನ ಸೇರಿ ಜಾತಿ, ಸಮುದಾಯ, ಭಾಷೆ, ವೈಯಕ್ತಿಕ ನಂಬಿಕೆಯಂಥ ಕಾರಣಕ್ಕೆ ಕೊಂದರೆ ಗುಂಪಿನ ಪ್ರತಿಯೊಬ್ಬನಿಗೂ ಗಲ್ಲು ಅಥವಾ ಜೀವಾವಧಿ. ಗುಂಪಿನಲ್ಲಿ ಯಾರು ಏನು ಮಾಡಿದರು ಎಂಬುದನ್ನು ಮೊಬೈಲ್ ವಿಡಿಯೊ ನೋಡಿ ಗುರುತಿಸುವ ಕೇಸುಗಳಿವು. ಅಲ್ಲಿ ಹಗ್ಗ ಇಟ್ಟದ್ದು ನಮಗೆ ಗಾಬರಿ ಹುಟ್ಟಿಸುತ್ತದೆ.

ಈಗ ಅಸಲು ಮಾತು. ಸಿದ್ಧಾಂತದ ಕೊಲೆಯಲ್ಲಿ ಗುಂಡು ಹೊಡೆದವನು ಬಾಣ, ಬಿಲ್ಲು ಬೇರೆಯವರ ಕೈಯಲ್ಲಿರುತ್ತದೆ. ಮಹಾರಾಷ್ಟ್ರದ ವಿಚಾರವಾದಿ ನರೇಂದ್ರ ದಾಭೋಲ್ಕರ್ ಕೊಲೆಯಾದದ್ದು 2013ರ ಆಗಸ್ಟ್ 20ರಂದು. ಪುಣೆಯ ಕೋರ್ಟು 2024ರ ಮೇ 10ರಂದು ಗುಂಡು ಹಾರಿಸಿದ ಇಬ್ಬರಿಗೆ ಜೀವಾವಧಿ ಕೊಟ್ಟು ಮೂವರನ್ನು ಖುಲಾಸೆ ಮಾಡಿತು. ಸೂತ್ರಧಾರರು ಬೇರೆಯೇ ಇದ್ದಾರೆ, ಅವರನ್ನು ಹೊರಗೆಳೆಯಲು ಪುಣೆ ಪೊಲೀಸರಿಗೂ ಸಿಬಿಐಗೂ ಆಗಲಿಲ್ಲ ಎಂದು ನ್ಯಾಯಾಧೀಶರೇ ದಾಖಲಿಸಿದರು. ಆ ಇಬ್ಬರನ್ನು ನೇಣಿಗೆ ಹಾಕಿಬಿಟ್ಟರೆ, ನಾಳೆ ಯಾವತ್ತೋ ಒಂದು ದಿನ ಬಾಯಿಬಿಡಬಹುದಾದ ಎರಡು ಬಾಯಿ ಮುಚ್ಚುತ್ತವೆ.

ಗಾಂಧೀಜಿ ವಿಷಯದಲ್ಲಿ ಆದದ್ದೇ ಇದು. ಕೊಲೆಯಾದ 22 ತಿಂಗಳೊಳಗೆ, 1949ರ ನವೆಂಬರ್ 15ರಂದು, ಅಂಬಾಲಾ ಜೈಲಿನಲ್ಲಿ ನಾಥೂರಾಮ್ ಗೋಡ್ಸೆ ಮತ್ತು ನಾರಾಯಣ ಆಪ್ಟೆಯನ್ನು ಗಲ್ಲಿಗೇರಿಸಲಾಯಿತು. ಗಾಂಧಿಯ ಮಕ್ಕಳಾದ ಮಣಿಲಾಲ್, ರಾಮದಾಸ್ ಬೇಡವೆಂದು ಕೇಳಿಕೊಂಡರೂ ಸರ್ಕಾರ ಕಿವಿಗೆ ಹಾಕಿಕೊಳ್ಳಲಿಲ್ಲ. ಜೀವಾವಧಿಯಾಗಿದ್ದವರು 1964ರಲ್ಲಿ ಬಿಡುಗಡೆಯಾದರು. ಅವರ ಗೌರವಕ್ಕೆಂದು ಪುಣೆಯಲ್ಲಿ ನಡೆದ ಸಮಾರಂಭದಲ್ಲಿ ಜಿ.ವಿ. ಕೇತ್ಕರ್ ಎಂಬ ಪತ್ರಕರ್ತರು ಈ ಸಂಚು ತಮಗೆ ಮೊದಲೇ ಗೊತ್ತಿತ್ತು ಎಂದುಬಿಟ್ಟರು. ಸಂಸತ್ತಿನಲ್ಲಿ ಗದ್ದಲವೆದ್ದು, ಕೊನೆಗೆ ನ್ಯಾಯಮೂರ್ತಿ ಜೀವನಲಾಲ್ ಕಪೂರ್ ಆಯೋಗ ಬಂತು, 1969ರಲ್ಲಿ ವರದಿ ಕೊಟ್ಟಿತು. ಯಾರಿಗೆ ಎಷ್ಟು ಗೊತ್ತಿತ್ತು ಎಂದು ಕೆದಕಲು ಹೊರಟ ಆಯೋಗಕ್ಕೆ, ಎಲ್ಲ ಗೊತ್ತಿದ್ದ ಇಬ್ಬರನ್ನು ಕೇಳುವ ಹಾಗೇ ಇರಲಿಲ್ಲ. ಅತ್ತ ನವೆಂಬರ್ 15 ಕೆಲವರಿಗೆ 'ಬಲಿದಾನ ದಿನ'ವಾಯಿತು. ಸಾಯಲು ಸಿದ್ಧನಾಗಿಯೇ ಬಂದವನಿಗೆ ಹಗ್ಗದ ಭಯ ಎಲ್ಲಿಂದ ಬರಬೇಕು? ಅವನ ಬಳಗಕ್ಕೆ ಅದು ಹಾರ.

ಗಲ್ಲಿನ ಭಯವಿದ್ದರೆ ತಾನೇ ಸಹಚರರು ಮಾಫಿ ಸಾಕ್ಷಿಯಾಗುವುದು ಎಂದು ಪೊಲೀಸ್ ಅಧಿಕಾರಿಗಳು ಹೇಳುವುದುಂಟು. ಮಾಫಿ ಸಾಕ್ಷಿಗೆ ಸಿಗುವುದು ಇಡೀ ಕೇಸಿನಿಂದ ಬಿಡುಗಡೆ, ಸಾಯುವ ತನಕ ಜೈಲು ಎಂಬ ಭಯವೂ ಅದಕ್ಕೆ ಸಾಕಾಗುತ್ತದೆ.

ಜೀವಾವಧಿ ಎಂದರೆ 14 ವರ್ಷ ಎಂಬುದು ತಪ್ಪು ತಿಳಿವಳಿಕೆ. ಇದನ್ನು 1961ರಲ್ಲೇ ಸುಪ್ರೀಂ ಕೋರ್ಟಿನಿಂದ ಹೇಳಿಸಿದವನು ಗಾಂಧಿ ಹತ್ಯೆಯಲ್ಲಿ ಶಿಕ್ಷೆ ಅನುಭವಿಸುತ್ತಿದ್ದ ಗೋಪಾಲ ಗೋಡ್ಸೆಯೇ. ನನ್ನ ಲೆಕ್ಕ ಮುಗಿಯಿತು, ಬಿಡಿ ಎಂದು ಅರ್ಜಿ ಹಾಕಿದ. ಸರ್ಕಾರ ಮಾಫಿ, ಅಂದರೆ ಶಿಕ್ಷೆಯ ಅವಧಿಯಲ್ಲಿ ಕಡಿತ, ಕೊಡದಿದ್ದರೆ ಜೀವಾವಧಿ ಎಂದರೆ ಉಸಿರಿರುವ ತನಕ ಎಂದಿತು ಸಂವಿಧಾನ ಪೀಠ. ಹದಿನಾಲ್ಕು ಎಂಬ ಅಂಕಿ ಬಂದದ್ದು ಬೇರೆ ಕಡೆಯಿಂದ. ಗಲ್ಲಿಗೂ ಅವಕಾಶವಿದ್ದ ಅಪರಾಧಕ್ಕೆ ಜೀವಾವಧಿಯಾದರೆ 14 ವರ್ಷ ತುಂಬುವ ಮೊದಲು ಮಾಫಿ ಕೊಡುವಂತಿಲ್ಲ ಎಂಬ ನಿಯಮ ಅದು, ಈಗ ನಾಗರಿಕ ಸುರಕ್ಷಾ ಸಂಹಿತೆಯ 475ನೇ ಕಲಂ. ಹದಿನಾಲ್ಕಕ್ಕೆ ಬಿಡಲೇಬೇಕು ಎಂದಲ್ಲ. ಇಷ್ಟೂ ಸಾಲದು ಎನಿಸುವ ಕೇಸುಗಳಿಗೆ ಬೆಂಗಳೂರಿನದೇ ಒಂದು ಕೊಲೆಯಿಂದ ದಾರಿಯಾಯಿತು. 2008ರ ಸ್ವಾಮಿ ಶ್ರದ್ಧಾನಂದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಗಲ್ಲನ್ನು ತೆಗೆದು, ಮಾಫಿಯೇ ಇಲ್ಲದ ಜೀವಾವಧಿ ಕೊಟ್ಟಿತು. 2015ರ ಡಿಸೆಂಬರ್‌ನಲ್ಲಿ ಸಂವಿಧಾನ ಪೀಠ ಇದನ್ನು ಒಪ್ಪಿ, ಇಂಥ ಶಿಕ್ಷೆ ಹೈಕೋರ್ಟು ಮತ್ತು ಸುಪ್ರೀಂ ಕೋರ್ಟು ಮಾತ್ರ ಕೊಡಬಹುದು ಎಂದಿತು. ಸೆಷನ್ಸ್ ಕೋರ್ಟಿನ ಮುಂದೆ ಇದನ್ನು ಕೇಳಿ ಪ್ರಯೋಜನವಿಲ್ಲ, ಸರ್ಕಾರಿ ವಕೀಲರು ಹೈಕೋರ್ಟಿನಲ್ಲಿ ಕೇಳಬೇಕು.

ನಿಮ್ಮ ಸಂಶಯಕ್ಕೆ ನಿಜವಾದ ಆಧಾರ ಇರುವುದು ಮಾಫಿಯಲ್ಲೇ. ಬಿಲ್ಕಿಸ್ ಬಾನೊ ಪ್ರಕರಣದ 11 ಅಪರಾಧಿಗಳನ್ನು ಗುಜರಾತ್ ಸರ್ಕಾರ 2022ರ ಆಗಸ್ಟ್ 15ರಂದು ಬಿಟ್ಟು ಕಳಿಸಿತು, ಹೊರಗೆ ಹಾರ ಹಾಕಿ ಸಿಹಿ ಹಂಚಿದರು. ವಿಚಾರಣೆ ನಡೆದದ್ದು ಮಹಾರಾಷ್ಟ್ರದಲ್ಲಿ, ಹಾಗಾಗಿ ಆ ಅಧಿಕಾರವೇ ಗುಜರಾತಿಗಿರಲಿಲ್ಲ. ಶಿಕ್ಷೆ ಕೊಟ್ಟ ಕೋರ್ಟಿನ ನ್ಯಾಯಾಧೀಶರು ಬೇಡ ಎಂದು ಕೊಟ್ಟಿದ್ದ ಅಭಿಪ್ರಾಯವೂ ಮೂಲೆಗೆ ಬಿದ್ದಿತ್ತು. ಸುಪ್ರೀಂ ಕೋರ್ಟು 2024ರ ಜನವರಿ 8ರಂದು ರದ್ದು ಮಾಡಿ ಎಲ್ಲರನ್ನೂ ಮತ್ತೆ ಒಳಗೆ ಕಳಿಸಿತು. ನಿಮ್ಮ ಸಿಟ್ಟು ಹೋಗಿ ನಿಲ್ಲಬೇಕಾದದ್ದು ಸ್ವಾತಂತ್ರ್ಯ ದಿನದ ಹಿಂದುಮುಂದಿನ ಮಾಫಿ ಪಟ್ಟಿಯ ಎದುರು.

ಕೊನೆಯ ಪ್ರಶ್ನೆ, ನಮ್ಮ ಮನೆಯವರನ್ನೇ ಕೊಂದಿದ್ದರೆ. ಬಹುಶಃ ಗಲ್ಲನ್ನೇ ಕೇಳುತ್ತಿದ್ದೆವು, ಹಾಗೆ ಕೇಳುವವರನ್ನು ಸಣ್ಣವರು ಎನ್ನುವ ಹಕ್ಕು ನಮಗಿಲ್ಲ. ಒಡಿಶಾದಲ್ಲಿ ಗಂಡ ಮತ್ತು ಎಳೆಯ ಇಬ್ಬರು ಗಂಡುಮಕ್ಕಳನ್ನು ಜೀಪಿನಲ್ಲೇ ಸುಟ್ಟವರನ್ನು ಗ್ಲಾಡಿಸ್ ಸ್ಟೇನ್ಸ್ ಕ್ಷಮಿಸಿದ್ದು ಅವರ ದೊಡ್ಡತನ, ಅದನ್ನು ಮತ್ತೊಬ್ಬರಿಂದ ಕೇಳಿ ಪಡೆಯುವಂಥದ್ದಲ್ಲ. ಆದರೆ ಕಲಬುರ್ಗಿ, ಗೌರಿ ಕುಟುಂಬಗಳು ಕೋರ್ಟಿನಲ್ಲಿ ಏನು ಕೇಳಿದವು ನೋಡಿ. ಧಾರವಾಡದ ತನಿಖೆ ಎರಡು ವರ್ಷ ದಾಟಿದರೂ ತೆವಳುತ್ತಿದ್ದಾಗ ಕಲಬುರ್ಗಿಯವರ ಪತ್ನಿ ಸುಪ್ರೀಂ ಕೋರ್ಟಿಗೆ ಹೋದರು. ಕಲಬುರ್ಗಿ, ಗೌರಿ ಇಬ್ಬರ ಕೊಲೆಗೂ ಬಳಕೆಯಾದದ್ದು ಒಂದೇ 7.65 ಎಂಎಂ ನಾಡಪಿಸ್ತೂಲು ಎಂದು ವಿಧಿವಿಜ್ಞಾನ ಪ್ರಯೋಗಾಲಯ ಆಗಲೇ ಹೇಳಿತ್ತು. 2019ರ ಫೆಬ್ರುವರಿಯಲ್ಲಿ ಕೋರ್ಟು ಆ ತನಿಖೆಯನ್ನೂ ಗೌರಿ ಪ್ರಕರಣದ ಎಸ್‌ಐಟಿಗೆ ಒಪ್ಪಿಸಿ, ಧಾರವಾಡ ಹೈಕೋರ್ಟು ಪೀಠದ ಉಸ್ತುವಾರಿಗೆ ಹಾಕಿತು. ಒಬ್ಬ ಆರೋಪಿಯ ಮೇಲಿದ್ದ ಕೋಕಾ ಆರೋಪಗಳನ್ನು ಹೈಕೋರ್ಟು ತೆಗೆದಾಗ ಗೌರಿಯವರ ತಂಗಿ ಕವಿತಾ ಲಂಕೇಶ್ ಮೇಲಕ್ಕೆ ಹೋಗಿ, 2021ರ ಅಕ್ಟೋಬರ್‌ನಲ್ಲಿ ಅವನ್ನು ಮತ್ತೆ ಸೇರಿಸಿಕೊಂಡು ಬಂದರು. ಮೇಲೆ ನಾವು ದೂರಿದ ಕಾಯ್ದೆಯೇ ಅದು. ಸಂಚಿನ ಸರಪಳಿ ಹಿಡಿಯಲು ಅದು ಬೇಕು ಎಂಬ ಅವರ ವಾದ ನಮಗೆ ಅರ್ಥವಾಗುತ್ತದೆ. ಅದರೊಳಗಿನ ಪೊಲೀಸ್ ತಪ್ಪೊಪ್ಪಿಗೆ ಮತ್ತು ಗಲ್ಲು ಹೋಗಲಿ, ಉಳಿದದ್ದು ಇರಲಿ.