ಹಣ್ಣು, ಮಾಂಸ ಕತ್ತರಿಸಿದ ಮಡಚುವ ಚಾಕುವನ್ನು ಸರಿಯಾಗಿ ಶುಚಿ ಮಾಡುವುದು ಹೇಗೆ?

ಅಲಗನ್ನು ಒರೆಸಿದರೆ ಸಾಲದು. ಕೊಳೆ ಕೂರುವುದು ಅಲಗು ತಿರುಗುವ ಕೀಲಿನಲ್ಲಿ, ಹಿಡಿಯ ಸೀಳಿನೊಳಗೆ. ಹಲಸಿನ ಮೇಣ ಅಂಟಿದ್ದರೆ ಮೊದಲು ಕೊಬ್ಬರಿ ಎಣ್ಣೆ ಸವರಿ ಒರೆಸಿ. ಬರೀ ನೀರಿಗೆ ಅದು ಬಿಡುವುದಿಲ್ಲ.

ಎಲ್ಲ ಅಲಗುಗಳನ್ನೂ ಬಿಚ್ಚಿ, ಬಿಸಿನೀರು ಮತ್ತು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಹಳೆಯ ಟೂತ್‌ಬ್ರಷ್‌ನಿಂದ ಸೀಳಿನೊಳಗೆ ಉಜ್ಜಿ. ನೀರಿನಲ್ಲೇ ಹಲವು ಸಲ ಮಡಚಿ ಬಿಚ್ಚಿದರೆ ಕೀಲಿನ ಕೊಳೆ ಹೊರಬರುತ್ತದೆ. ಒಪಿನೆಲ್ ಕಂಪನಿಯದಂಥ ಮರದ ಹಿಡಿಯ ಚಾಕುವನ್ನು ಮಾತ್ರ ನೆನೆಹಾಕಬೇಡಿ. ಮರ ಉಬ್ಬಿ ಅಲಗು ಸಿಕ್ಕಿಕೊಳ್ಳುತ್ತದೆ.

ಹಸಿ ಮಾಂಸ ಮುಟ್ಟಿದ್ದರೆ ರೋಗಾಣುನಾಶ ಬೇಕೇ ಬೇಕು. ಜಿಡ್ಡು ಪೂರ್ತಿ ಹೋಗಿ, ಚಾಕು ಒಣಗಿದ ಮೇಲೆ 70% ಐಸೊಪ್ರೊಪೈಲ್ ಆಲ್ಕೋಹಾಲನ್ನು ಕೀಲಿಗೂ ಇಳಿಯುವಂತೆ ಸಿಂಪಡಿಸಿ, ಒಲೆಯಿಂದ ದೂರದಲ್ಲಿ ತಾನಾಗಿ ಆರಲು ಬಿಡಿ. ಚಾಕು ಒದ್ದೆಯಿದ್ದರೆ ಆಲ್ಕೋಹಾಲ್ ತೆಳುವಾಗಿ ಕೆಲಸ ಕೆಡುತ್ತದೆ. ಹಾಗೆಂದು 99% ಆಲ್ಕೋಹಾಲ್ ಇನ್ನೂ ಒಳ್ಳೆಯದೇನಲ್ಲ. ಬ್ಯಾಕ್ಟೀರಿಯಾದ ಪ್ರೋಟೀನ್ ಕೆಡಿಸಲು ಒಂದಿಷ್ಟು ನೀರಿನಂಶ ಬೇಕು. ಬ್ಲೀಚ್ ಬಳಸದಿರುವುದೇ ಒಳ್ಳೆಯದು, ಅದು ಸ್ಟೇನ್‌ಲೆಸ್ ಸ್ಟೀಲಿನಲ್ಲೂ ಸಣ್ಣ ಗುಳಿ ಬೀಳಿಸುತ್ತದೆ.

ಕೊನೆಗೆ ಕೀಲಿಗೆ ಒಂದೇ ಹನಿ ಫುಡ್ ಗ್ರೇಡ್ ಮಿನರಲ್ ಆಯಿಲ್ (ಆಹಾರಕ್ಕೆ ತಾಗಿದರೂ ತೊಂದರೆಯಿಲ್ಲದ ಖನಿಜ ಎಣ್ಣೆ) ಹಾಕಿ. ಅಡುಗೆ ಎಣ್ಣೆ ಹಾಕಿದರೆ ಅದು ದಿನ ಕಳೆದಂತೆ ಕಮಟಾಗಿ, ಅಂಟಾಗಿ ಕೀಲನ್ನೇ ಬಿಗಿಮಾಡುತ್ತದೆ. ಕಾರ್ಬನ್ ಸ್ಟೀಲಿನ ಅಲಗಾದರೆ ಅದಕ್ಕೂ ಮಿನರಲ್ ಆಯಿಲನ್ನೇ ತೆಳುವಾಗಿ ಸವರಿ, ಇಲ್ಲದಿದ್ದರೆ ಬೇಗ ತುಕ್ಕು ಹಿಡಿಯುತ್ತದೆ.