ನಾಯಿಯಿಂದ ನಾವು ಏನು ಕಲಿಯಬಹುದು? ಸಾಕುವ ಮೊದಲು ಏನು ಯೋಚಿಸಬೇಕು?

ಮಾತಿಲ್ಲದ ಜೀವವನ್ನು ಅರ್ಥ ಮಾಡಿಕೊಳ್ಳುವುದನ್ನು ನಾಯಿ ಕಲಿಸುತ್ತದೆ. ಬಾಲ ಅಲ್ಲಾಡಿಸಿದರೆ ಖುಷಿ ಅಂತಲೇ ಅಲ್ಲ. ಮೈ ಬಿಗಿಹಿಡಿದು, ಬಾಲ ಮೇಲೆತ್ತಿ ಸಣ್ಣಗೆ ಆಡಿಸುತ್ತಿದ್ದರೆ ದೂರ ನಿಲ್ಲಿ, ಮಕ್ಕಳಿಗೂ ಇದನ್ನು ಹೇಳಿಕೊಡಿ.

ಜವಾಬ್ದಾರಿ ಮಾತ್ರ ಜಾಸ್ತಿ. ನಾಯಿ ಸಾಮಾನ್ಯವಾಗಿ 10ರಿಂದ 13 ವರ್ಷ ಬದುಕುತ್ತದೆ, ಅಂದರೆ ಇವತ್ತು ಮರಿ ಬೇಕು ಅಂತ ಹಟ ಮಾಡುವ ಮೂರನೇ ಕ್ಲಾಸಿನ ಮಗು ಕಾಲೇಜಿಗೆ ಹೋದ ಮೇಲೂ ಅದನ್ನು ದಿನಾ ವಾಕಿಂಗ್ ಕರೆದುಕೊಂಡು ಹೋಗುವವರು ನೀವೇ, ಅಲ್ವಾ? ಮರಿಗೆ 6–8 ವಾರ ಆದಾಗ ಪಾರ್ವೊ (ಮರಿಗಳ ಜೀವಕ್ಕೇ ಕುತ್ತು ತರುವ ವಾಂತಿ-ಭೇದಿ ರೋಗ) ಲಸಿಕೆ ಶುರು, 3 ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ಡಾಕ್ಟರ್ ಹೇಳಿದಾಗ ಬೂಸ್ಟರ್. ದ್ರಾಕ್ಷಿ, ಚಾಕೊಲೇಟ್, ಈರುಳ್ಳಿ ಅದಕ್ಕೆ ವಿಷ; ಉಳಿದ ಚಿತ್ರಾನ್ನ ಹಾಕುವವರು ಅದರಲ್ಲಿ ಈರುಳ್ಳಿ ಇರುವುದನ್ನೇ ಮರೆಯುತ್ತಾರೆ.

ಸುಮ್ನೆ ಚೆಂದ ಕಂಡಿತು ಅಂತ ತಳಿ ಆರಿಸಬೇಡಿ. ಹಸ್ಕಿ ಸೈಬೀರಿಯಾದ ಚಳಿಯದ್ದು, ಕಲಬುರಗಿ ಬಿಸಿಲಲ್ಲಿ ಅದನ್ನು ಸಾಕುವುದು ಹಿಂಸೆ. ಮುಧೋಳ ನಾಯಿ ನಮ್ಮ ಹವೆಗೆ ಒಗ್ಗಿದೆ, ಆದರೆ ಓಡಾಡಲು ಜಾಗ ಬೇಕೇ ಬೇಕು. ನನ್ನನ್ನು ಕೇಳಿದರೆ ಬೀದಿಯ ಮರಿಯನ್ನೇ ತನ್ನಿ. ಸಾಕಿದ ನಾಯಿಯನ್ನು ಬೇಡವಾದಾಗ ರಸ್ತೆಗೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಹಬ್ಬಕ್ಕೆ ಊರಿಗೆ ಹೋದಾಗ ನೋಡಿಕೊಳ್ಳುವವರು ಯಾರು ಅಂತ ಈಗಲೇ ಗೊತ್ತು ಮಾಡಿಕೊಳ್ಳಿ.