ಹಿಮೇಜಿ ಕೋಟೆ ಗೋಡೆಯ ತೂತುಗಳು

ಜಪಾನಿನ ಹಿಮೇಜಿ ಕೋಟೆಯ ಬಿಳಿ ಗೋಡೆಯಲ್ಲಿರುವ ತ್ರಿಕೋನ, ದುಂಡು ತೂತುಗಳು ಅಲಂಕಾರಕ್ಕಾ ಅಂತ ಕೇಳಿದ್ದೀರಿ. ಸುಮ್ನೆ ಕೊರೆದದ್ದಲ್ಲ. ಉದ್ದನೆಯ ಸೀಳು ಬಿಲ್ಲುಗಾರರಿಗೆ. ದುಂಡು, ತ್ರಿಕೋನ, ಚೌಕದವು ಕೋವಿಗೆ. ತೂತು ಒಳಗಡೆ ಅಗಲ, ಹೊರಗಡೆ ಕಿರಿದು. ಒಳಗಿನವನು ಕೋವಿಯನ್ನು ಅತ್ತಿತ್ತ ತಿರುಗಿಸಬಹುದು, ಹೊರಗಿನವನಿಗೆ ಗುರಿ ಸಿಗುವುದೇ ಕಷ್ಟ.

ನನಗೆ ಅದಕ್ಕಿಂತ ಜಾಸ್ತಿ ಇಷ್ಟವಾಗುವುದು ಅಲ್ಲಿನ ದಾರಿ. ಮುಖ್ಯ ಗೋಪುರ ಕಣ್ಣೆದುರೇ ಕಾಣುತ್ತದೆ, ಆದರೆ ದಾರಿ ಸುತ್ತಿ ಬಳಸಿ, ಒಮ್ಮೊಮ್ಮೆ ಹಿಂದಕ್ಕೇ ತಿರುಗುತ್ತದೆ. ಕೆಲವು ಬಾಗಿಲುಗಳಂತೂ ತೀರಾ ಇಕ್ಕಟ್ಟು, ಗುಂಪಾಗಿ ನುಗ್ಗುವ ಹಾಗಿಲ್ಲ. ಅಷ್ಟರಲ್ಲಿ ಮೇಲಿನಿಂದ ಗುಂಡು, ಕಲ್ಲು!

ತಮಾಷೆ ನೋಡಿ, ಇಕೆದಾ ತೆರುಮಾಸ ಎಂಬ ದೊರೆ 1601ರಿಂದ 1609ರವರೆಗೆ ಇಷ್ಟೆಲ್ಲ ಕಟ್ಟಿಸಿದ. ಆಮೇಲೆ ಇದನ್ನೆಲ್ಲ ಪರೀಕ್ಷಿಸುವಂಥ ದೊಡ್ಡ ಯುದ್ಧವೇ ಅಲ್ಲಿ ನಡೆಯಲಿಲ್ಲ.